ಎಡ್ವರ್ಡನಿಗೆ ತಿಂಡಿ ಬೇಡ

ಹುಡುಗ ಹುಟ್ಟಿದ್ದು 1901ರಲ್ಲಿ, ಷಿಕಾಗೋದಲ್ಲಿ. 1918ರ ಸ್ಪ್ಯಾನಿಷ್ ಜ್ವರದಲ್ಲಿ ಇನ್ನೇನು ಹೋದ ಅನ್ನುವಾಗ, ನೋಡಿಕೊಳ್ಳುತ್ತಿದ್ದ ಡಾಕ್ಟರೇ ಕಚ್ಚಿ ಉಳಿಸಿಕೊಂಡರು. ಆವತ್ತಿನಿಂದ ವಯಸ್ಸು ಹದಿನೇಳಕ್ಕೇ ನಿಂತಿದೆ. ಬಣ್ಣ ಬಿಳುಪು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಬಿಸಿಲಿಗೆ ನಿಂತರೆ ಮೈ ಮಿರಮಿರ ಮಿಂಚುತ್ತದೆ. ಸ್ವಂತ ವೋಲ್ವೊ ಕಾರಿದೆ, ಪಿಯಾನೊ ನುಡಿಸುತ್ತಾನೆ, ಸಾಕುತಂದೆ ಡಾಕ್ಟರು. ಮನೆಯವರೆಲ್ಲ ಸಸ್ಯಾಹಾರಿಗಳು; ಅಂದರೆ ಮನುಷ್ಯರ ರಕ್ತ ಮುಟ್ಟುವುದಿಲ್ಲ, ಜಿಂಕೆ, ಕರಡಿ ಇಂಥವುಗಳ ರಕ್ತದಲ್ಲೇ ಸುಧಾರಿಸಿಕೊಳ್ಳುತ್ತಾರೆ.

ಮಗಳು ಇಷ್ಟು ಹೇಳಿ ಮುಗಿಸಿದಾಗ ಅವರೆಕಾಯಿ ಬಿಡಿಸುತ್ತಿದ್ದ ನಮ್ಮ ಅತ್ತೆ ತಲೆಯೆತ್ತಿದರು.

"ಜಿಂಕೆ ರಕ್ತ ಕುಡಿಯೋನು ಸಸ್ಯಾಹಾರಿ ಹೇಗೆ ಆಗ್ತಾನೆ?"

"ನಿಮ್ಮ ಮಗ ಆಫೀಸ್ ಪಾರ್ಟೀಲಿ ಆಮ್ಲೆಟ್ ತಿಂದ್ಕೊಂಡು ಬಂದು ಆಗಲ್ವಾ, ಹಾಗೆ" ಅಂದೆ ನಾನು.

ಅತ್ತೆ ಅವರೆಕಾಯಿಗೆ ಮರಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು: "ನೂರು ದಾಟಿದ್ರೂ ಇನ್ನೂ ಹೈಸ್ಕೂಲಲ್ಲೇ ಇದಾನಾ? ಫೇಲಾಗ್ತಾನೇ ಇದಾನಾ?"

ಫೇಲಲ್ಲ. ಊರು ಬದಲಿಸುತ್ತ ಪಾಸಾಗುತ್ತಲೇ ಇದ್ದಾನೆ. ಸಿನಿಮಾದಲ್ಲಿ ಅವರ ಮನೆಯ ಗೋಡೆ ತುಂಬ ಪದವಿ ಟೋಪಿಗಳನ್ನೇ ನೇತುಹಾಕಿದ್ದಾರೆ. ನಮ್ಮ ಕಡೆ ಇಷ್ಟು ಓದಿ ಕೆಲಸಕ್ಕೆ ಹೋಗದ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಅನ್ನುವುದು ಬೇರೆ ಮಾತು.

ಹುಡುಗನ ಹೆಸರು ಎಡ್ವರ್ಡ್ ಕಲನ್. ಅಮೆರಿಕದ ಸ್ಟೆಫನಿ ಮೇಯರ್ ಬರೆದ ‘ಟ್ವೈಲೈಟ್’ ಮಾಲೆಯ ನಾಯಕ. ಮೊದಲ ಪುಸ್ತಕ ಬಂದದ್ದು 2005ರಲ್ಲಿ, ನಾಲ್ಕನೆಯದು 2008ರಲ್ಲಿ. ಹತ್ತು ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿವೆ. ನಮ್ಮ ಮನೆಗೆ ಮಾತ್ರ ಪುಕ್ಕಟೆ ಬಂದವು. ನನ್ನ ಅಕ್ಕನ ಮಗಳು ಮದುವೆಯಾಗಿ ಹೋಗುವಾಗ ಕಪಾಟು ಖಾಲಿ ಮಾಡಿ ತಂಗಿಗೆ ದಾಟಿಸಿದಳು. ನನ್ನ ಮಗಳಿಗೆ ಹದಿನೈದು, ಪರೀಕ್ಷೆ ಹತ್ತಿರ. ನಾನೋ, ಪ್ರತಿ ಮಾರ್ಚ್ 8ಕ್ಕೆ ಬಡಾವಣೆಯ ಮಹಿಳಾ ಸಮಾಜದಲ್ಲಿ ಮೈಕ್ ಹಿಡಿದು ಹೆಣ್ಣು ಅಬಲೆಯಲ್ಲ ಎಂದು ಗುಡುಗಿ, ಶಾಲು ಹೊದಿಸಿಕೊಂಡು, ಫಲತಾಂಬೂಲ ಹಿಡಿದು, ಎಂಟು ಗಂಟೆಯೊಳಗೆ ಮನೆ ಸೇರಿ ಅನ್ನಕ್ಕಿಡುವ ಹೆಂಗಸು. ಇಂಥವಳ ಮಗಳು ರಕ್ತಪಿಶಾಚಿಯ ಹಿಂದೆ ಬೀಳುವ ಪೆದ್ದು ಹುಡುಗಿಯ ಕತೆ ಓದುವುದೆಂದರೇನು? ಖಂಡಿಸಬೇಕು. ಖಂಡಿಸಬೇಕಾದರೆ ಓದಬೇಕು. ಅವಳು ಮಲಗಿದ ಮೇಲೆ ದಿಂಬಿನಡಿಯಿಂದ ಪುಸ್ತಕ ಎಳೆದುಕೊಂಡು, ಅಡುಗೆಮನೆಯ ದೀಪ ಹಾಕಿಕೊಂಡು ಖಂಡಿಸಲು ಕೂತೆ. ಹಾಲಿನವನು ಬೆಲ್ ಮಾಡಿದಾಗ ತಲೆಯೆತ್ತಿದೆ.

ಕತೆ ನಡೆಯುವುದು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬಲ್ಲಿ. ನಿಜವಾಗಿ ಇರುವ ಊರೇ. ಸದಾ ಮಳೆ, ಮೊದಲು ಮರ ಕಡಿದು ಬದುಕುತ್ತಿದ್ದ ಜನ. ಈಗ ಸೆಪ್ಟೆಂಬರಿನಲ್ಲಿ ಈ ಕತೆಯ ಹೆಸರಿನಲ್ಲೇ ಉತ್ಸವ ಮಾಡುತ್ತಾರೆ, ಬೆಲ್ಲಾಳ ಹುಟ್ಟುಹಬ್ಬ ಆ ತಿಂಗಳ 13ಕ್ಕೆ ಬೀಳುತ್ತದೆಂದು. ಬೆಲ್ಲಾ ಸ್ವಾನ್ ನಮ್ಮ ನಾಯಕಿ, ಹದಿನೇಳು ವರ್ಷ, ಅಮ್ಮನನ್ನು ಬಿಟ್ಟು ಅಪ್ಪನ ಮನೆಗೆ ಬರುತ್ತಾಳೆ. ಅಪ್ಪ ಆ ಊರಿನ ಪೊಲೀಸ್ ಮುಖ್ಯಸ್ಥ; ಊರು ಕಾಯಬಲ್ಲ, ಒಲೆ ಮುಂದೆ ಮಾತ್ರ ಮೊಟ್ಟೆ ಹುರಿಯುವುದಕ್ಕಿಂತ ಮುಂದೆ ಹೋದವನಲ್ಲ. ಹುಡುಗಿ ಬಂದ ಹೊಸದರಲ್ಲೇ ಅಡುಗೆಮನೆ ವಹಿಸಿಕೊಂಡಳು. ಇಲ್ಲಿ ನಾನು ಪೆನ್ಸಿಲ್ಲಿನಲ್ಲಿ ದಪ್ಪಗೆ ಗೆರೆ ಎಳೆದೆ: ನೋಡಿ, ಶುರುವಿಗೇ ಸೌಟು ಕೈಗೆ ಕೊಟ್ಟರು! ಮುಂದಿನ ಭಾಷಣಕ್ಕೆ ಆಗುತ್ತದೆ. ಅಷ್ಟರಲ್ಲಿ ಎಡ್ವರ್ಡ್ ಬಂದ. ಪೆನ್ಸಿಲ್ ಎಲ್ಲಿ ಬಿತ್ತೋ ಗೊತ್ತಿಲ್ಲ.

ಇವನಲ್ಲಿ ಅಂಥದ್ದೇನಿದೆ ಎಂದು ಲೋಕದ ವಿಮರ್ಶಕರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಗೃಹಿಣಿಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: ಎಡ್ವರ್ಡ್ ತಿನ್ನುವುದಿಲ್ಲ. ಇದರ ಮಹಿಮೆ ಹದಿನೈದರ ಹುಡುಗಿಗೆ ತಿಳಿಯದು. ವರ್ಷಗಟ್ಟಲೆ ಪ್ರತಿ ಬೆಳಿಗ್ಗೆ "ಇವತ್ತೇನು ತಿಂಡಿ?" ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟವಳಿಗೆ, ಉಪ್ಪಿಟ್ಟು ಅಂದಾಗ ಗಂಟಿಕ್ಕಿದ ಮುಖ ನೋಡಿದವಳಿಗೆ ತಿಳಿಯುತ್ತದೆ. ಪಿಶಾಚಿಗೆ ನಿದ್ದೆಯೂ ಇಲ್ಲ, ಆದ್ದರಿಂದ ಗೊರಕೆಯಿಲ್ಲ. ಮೈ ಸದಾ ತಣ್ಣಗೆ. ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದಾಗ ಅಂಥವನೊಬ್ಬ ಮನೆಯಲ್ಲಿದ್ದರೆ ಯಾರೂ ಬೇಡವೆನ್ನುವುದಿಲ್ಲ. ಅವನ ಸಾಕುತಾಯಿಯೂ ಊಟ ಮಾಡದವಳಾದ್ದರಿಂದ ಸಾರಿಗೆ ಹುಳಿ ಹೆಚ್ಚಾಯಿತೆಂದು ಯಾವತ್ತೂ ಹೇಳುವುದಿಲ್ಲ. ಈ ಕೊನೆಯ ಅಂಶವನ್ನು ನಾನು ಅತ್ತೆಯ ಮುಂದೆ ಎತ್ತಲಿಲ್ಲ.

ಇದೆಲ್ಲ ಹೊರಗಿನದು. ಒಳಗಿನ ಗುಟ್ಟು ಇನ್ನೊಂದಿದೆ. ಎಡ್ವರ್ಡನಿಗೆ ಎಲ್ಲರ ಮನಸ್ಸೂ ಕೇಳಿಸುತ್ತದೆ, ಬೆಲ್ಲಾಳದೊಂದನ್ನು ಬಿಟ್ಟು. ಹಾಗಾಗಿ ಅವನು ಅವಳನ್ನು ಕೇಳಬೇಕಾಗುತ್ತದೆ. ಏನು ಯೋಚಿಸುತ್ತಿದ್ದೀ? ಯಾವ ಹಾಡು ಇಷ್ಟ? ಅಮ್ಮ ಹೇಗಿದ್ದಾಳೆ? ಇಡೀ ದಿನ ಕೇಳುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ಕೈಯಲ್ಲಿ ಮೊಬೈಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನವಳು, ಮನೆಯಲ್ಲಿ "ಪರೀಕ್ಷೆ ಹೇಗಾಯ್ತು" ಅನ್ನುವುದೊಂದನ್ನೇ ಕೇಳಿಸಿಕೊಂಡವಳು, ಯಾರ ಕಣ್ಣಿಗೂ ಬೀಳದ ಸಾಧಾರಣ ಹುಡುಗಿ, ತನ್ನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಒಬ್ಬ ಹಂಬಲಿಸುತ್ತಾನೆ ಎಂದರೆ ಕರಗದೆ ಇರುತ್ತಾಳೆಯೆ? ಅವನು ರಕ್ತಪಿಶಾಚಿಯಾದರೆ ಆಗಲಿ. ಈ ಕತೆಗಳ ಆಕರ್ಷಣೆ ಭೂತದ್ದಲ್ಲ, ಗಮನದ್ದು ಎಂದು ನನ್ನ ತೀರ್ಮಾನ.

ತೀರ್ಮಾನವನ್ನು ಮನೆಯಲ್ಲಿ ಪರೀಕ್ಷೆಗೊಡ್ಡಿದೆ. ಪೇಪರ್ ಓದುತ್ತಿದ್ದ ಯಜಮಾನರ ಎದುರು ಕೂತು "ರೀ, ನಾನು ಈಗ ಏನು ಯೋಚಿಸ್ತಾ ಇದೀನಿ ಹೇಳಿ ನೋಡೋಣ" ಅಂದೆ.

ಪೇಪರ್ ಇಳಿಯಲಿಲ್ಲ. "ಗ್ಯಾಸ್ ಬುಕ್ ಮಾಡಬೇಕು ಅಂತ."

ಅದೇ ಆಗಿತ್ತು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ. ರಕ್ತಪಿಶಾಚಿಗೂ ಭೇದಿಸಲಾಗದ ಮನಸ್ಸು ಬೆಲ್ಲಾಳದ್ದು. ನನ್ನದು ನೋಡಿದರೆ ಸಿಲಿಂಡರಿನ ಮೇಲೆ ಬರೆದಂತಿದೆ.

ಇನ್ನೊಂದು ರಾತ್ರಿ ಎಚ್ಚರವಾಗಿ ಕಣ್ಣು ಬಿಟ್ಟರೆ ಯಜಮಾನರು ಮಂಚದ ಪಕ್ಕ ಕತ್ತಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಎಡ್ವರ್ಡ್ ಹೀಗೇ ನಿಲ್ಲುತ್ತಾನೆ. ಬೆಲ್ಲಾ ಮಲಗಿದ ಮೇಲೆ ಅವಳಿಗೇ ತಿಳಿಯದಂತೆ ಕೋಣೆಗೆ ಬಂದು ರಾತ್ರಿಯಿಡೀ ಮುಖ ನೋಡುತ್ತಾನೆ. ಎದೆ ಡವಡವ ಅಂದಿತು. "ಏನ್ರೀ?" ಅಂದೆ, ಸಾಧ್ಯವಾದಷ್ಟು ಮೆತ್ತಗೆ. "ಸ್ವಲ್ಪ ಆ ಕಡೆ ಸರಿ, ಚಾರ್ಜರ್ ಮೇಲೆ ಮಲಗಿದೀಯ" ಅಂದರು.

ಮೇಯರ್ ಕತೆ ಹುಟ್ಟಿದ್ದೂ ಇಂಥದೇ ಸಂಸಾರದ ನಡುವೆ. ಅರಿಜೋನಾದಲ್ಲಿ ಮೂರು ಪುಟ್ಟ ಗಂಡುಮಕ್ಕಳ ತಾಯಿ. 2003ರ ಜೂನ್ 2ರ ಬೆಳಗಿನ ಜಾವ ಒಂದು ಕನಸು: ಕಾಡಿನ ನಡುವಿನ ಹುಲ್ಲುಗಾವಲು, ಒಬ್ಬಳು ಹುಡುಗಿ, ಹೊಳೆಯುವ ಒಬ್ಬ ಪಿಶಾಚಿ, ನಿನ್ನನ್ನು ಕೊಲ್ಲದೆ ಇರುವುದು ಎಷ್ಟು ಕಷ್ಟ ಎಂದು ಅವನು ಅವಳಿಗೆ ವಿವರಿಸುತ್ತಿದ್ದಾನೆ. ಎದ್ದು ಬರೆದಳು. ಮಕ್ಕಳ ಈಜಿನ ಕ್ಲಾಸು, ಊಟ, ಒಗೆತದ ಮಧ್ಯೆ ಮೂರೇ ತಿಂಗಳಲ್ಲಿ ಮೊದಲ ಪುಸ್ತಕ ಮುಗಿಸಿದಳು. ನನಗೂ ಬೆಳಗಿನ ಜಾವ ಕನಸು ಬೀಳುತ್ತದೆ. ದೋಸೆ ಹಿಟ್ಟು ಉಕ್ಕಿ ಫ್ರಿಜ್ಜಿನಿಂದ ಹೊರಗೆ ಹರಿದ ಹಾಗೆ. ಇದನ್ನಿಟ್ಟುಕೊಂಡು ಯಾವ ಹಾಲಿವುಡ್ಡಿಗೆ ಹೋಗಲಿ?

ಹಾಗಂತ ನಾನು ಮಗಳ ವಯಸ್ಸಿನಲ್ಲಿ ಉಪನಿಷತ್ತು ಓದುತ್ತಿರಲಿಲ್ಲ. ಸಾಯಿಸುತೆಯವರ ಕಾದಂಬರಿಯನ್ನು ಭೂಗೋಳದ ಪುಸ್ತಕದೊಳಗಿಟ್ಟು ಓದುತ್ತಿದ್ದೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಪ್ರತಿ. ಕೈಯಿಂದ ಕೈಗೆ ತಿರುಗಿ ರಟ್ಟು ಕಿತ್ತು, ಕೊನೆಯ ಹಾಳೆ ಕಾಣೆಯಾಗಿ, ಮದುವೆಯಾಯಿತೋ ಇಲ್ಲವೋ ಎಂದು ನಾವೇ ಊಹಿಸಿಕೊಳ್ಳಬೇಕಾಗಿತ್ತು. ನಾವು ಗೆಳತಿಯರು ಹಂಚಿಕೊಂಡು ಓದಿದ ಕತೆಗಳ ನಾಯಕರೂ ಮಾತು ಕಮ್ಮಿ, ಸಿಟ್ಟು ಜಾಸ್ತಿ, ಕಾರು ದೊಡ್ಡದು, ಒಳಗೊಳಗೇ ಬೆಣ್ಣೆ. ಕಚ್ಚುತ್ತಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಮ್ಮಮ್ಮ ಸಿಕ್ಕಿದಾಗೆಲ್ಲ ಕಿತ್ತುಕೊಳ್ಳುತ್ತಿದ್ದಳು. ಕಿತ್ತುಕೊಂಡ ಪುಸ್ತಕ ಮಧ್ಯಾಹ್ನ ಅವಳು ಕಾಲು ಚಾಚಿದಾಗ ಅವಳ ಎದೆಯ ಮೇಲೆ ಇರುತ್ತಿತ್ತು. ಅಮೆರಿಕದ ಜಾನಿಸ್ ರ‍್ಯಾಡ್ವೆ ಎಂಬ ವಿದ್ವಾಂಸೆ 1984ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಪ್ರೇಮಕಾದಂಬರಿ ಓದುವ ಸಾಮಾನ್ಯ ಗೃಹಿಣಿಯರನ್ನು ಮಾತಾಡಿಸಿದರೆ ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಕತೆಯ ವಿಷಯವೇ ಅಲ್ಲ, ಓದುವ ಹೊತ್ತಿನದು. ಪುಸ್ತಕ ಮುಖಕ್ಕೆ ಹಿಡಿದರೆ ಅಷ್ಟು ಹೊತ್ತು ಗಂಡ, ಮಕ್ಕಳು ಯಾರೂ ಕರೆಯುವ ಹಾಗಿಲ್ಲ. ಅದು ತನ್ನ ಪಾಲಿನ ಹೊತ್ತು. ನಮ್ಮಮ್ಮನ ಮಧ್ಯಾಹ್ನ ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ.

ಸರಿ, ಖಂಡನೆಗೆ ಬರೋಣ. ಎರಡನೇ ಪುಸ್ತಕದಲ್ಲಿ ನಿನ್ನ ಒಳ್ಳೆಯದಕ್ಕೇ ಎಂದು ಎಡ್ವರ್ಡ್ ಬೆಲ್ಲಾಳನ್ನು ಬಿಟ್ಟು ಹೋಗುತ್ತಾನೆ. ಆಮೇಲೆ ಅಕ್ಟೋಬರ್ ಎಂದು ಒಂದು ಪುಟ, ನವೆಂಬರ್ ಎಂದು ಒಂದು, ಡಿಸೆಂಬರ್, ಜನವರಿ. ತಿಂಗಳ ಹೆಸರು ಬಿಟ್ಟರೆ ಪುಟ ಖಾಲಿ. ಹುಡುಗ ಹೋದರೆ ಹುಡುಗಿಯ ಬದುಕಿನಲ್ಲಿ ಬರೆಯುವಂಥದ್ದೇ ಇಲ್ಲ! ಆ ಖಾಲಿ ಪುಟ ನೋಡಿ ನಾನು ಕೆಂಡವಾದೆ. ಯಜಮಾನರು ಆಡಿಟ್‌ಗೆಂದು ಒಂದು ವಾರ ಬಳ್ಳಾರಿಗೆ ಹೋದರೆ ನನ್ನ ಪುಟಗಳಲ್ಲಿ ಜಾಗ ಸಾಲುವುದಿಲ್ಲ.

ಮೂರನೆಯದು ಇನ್ನೂ ಘನ. ಬೆಲ್ಲಾಳ ಗೆಳೆಯ ಜೇಕಬ್ ಎಂಬವನು ತೋಳನಾಗಬಲ್ಲವನು. ಅವನ ಮನೆಗೆ ಅವಳು ಹೋಗಬಾರದೆಂದು ಎಡ್ವರ್ಡ್ ಅವಳ ಹಳೇ ಟ್ರಕ್ಕಿನ ಎಂಜಿನ್ನಿನಿಂದ ಒಂದು ಭಾಗ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ನಿನ್ನ ಕ್ಷೇಮಕ್ಕೆ! ತಾನು ಬೇಟೆಗೆ ಹೋದಾಗ ಅವಳನ್ನು ಕಾಯಲು ತಂಗಿ ಆಲಿಸಳಿಗೆ ಹಳದಿ ಪೋರ್ಷೆ ಕಾರಿನ ಲಂಚ. ("ನಾದಿನಿಗೆ ಕಾರಾ?" ಎಂದು ಅತ್ತೆ ಈ ಜಾಗದಲ್ಲಿ ಬೆರಗಾದರು. ತಮ್ಮ ಮಗಳಿಗೆ ನಾವು ಗೌರಿಹಬ್ಬಕ್ಕೆ ಕೊಟ್ಟ ಸೀರೆ ಅವರ ಕಣ್ಣ ಮುಂದೆ ಹಾದುಹೋಗಿರಬೇಕು.) ಜೇಕಬ್ಬನೇನು ಕಮ್ಮಿಯೇ? ಬೇಡವೆಂದರೂ ಬಲವಂತವಾಗಿ ಮುತ್ತಿಡುತ್ತಾನೆ. ಅವಳು ಗುದ್ದಿದರೆ ಮುರಿದದ್ದು ಅವಳದೇ ಕೈ. ಪೊಲೀಸ್ ಅಪ್ಪ ವಿಷಯ ಕೇಳಿ ಕೇಸು ಹಾಕುವುದು ಹೋಗಲಿ, ಹುಡುಗನಿಗೇ ಭೇಷ್ ಅನ್ನುತ್ತಾನೆ. ಇಂಥ ಇಬ್ಬರಲ್ಲಿ ನೀನು ಯಾರ ಪಕ್ಷ ಎಂದು ಲೋಕದ ಹುಡುಗಿಯರೆಲ್ಲ ಟೀ ಶರ್ಟಿನ ಮೇಲೆ ಬರೆಸಿಕೊಂಡು ಓಡಾಡಿದರು. ಒಬ್ಬಳಾದರೂ ಟ್ರಕ್ಕಿನ ಪಕ್ಷ ಅನ್ನಬಾರದಿತ್ತೆ!

ಹಳೇ ಕಾಲದ ಪಿಶಾಚಿಗಳೇ ವಾಸಿ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಎಷ್ಟೇ ದುಷ್ಟನಾದರೂ, ಮನೆಯವರು ಯಾರಾದರೂ ಮೊದಲ ಸಲ ಬಾ ಅನ್ನದೆ ಹೊಸ್ತಿಲು ದಾಟುವಂತಿರಲಿಲ್ಲ. ಎಡ್ವರ್ಡನಿಗೆ ಆ ಕಟ್ಟುಪಾಡಿಲ್ಲ, ನೇರ ಕಿಟಕಿ. 2020ರಲ್ಲಿ ಅದೇ ಕತೆಯನ್ನು ಅವನ ಬಾಯಿಂದ ಹೇಳಿಸಿದ ಪುಸ್ತಕ ಬಂತು. ಅದರಲ್ಲಿ ಕಿಟಕಿ ಬಿಗಿಯಾಗಿದೆ, ಮುಂದಿನ ಸಲ ಎಣ್ಣೆ ತರಬೇಕು ಎಂದುಕೊಳ್ಳುತ್ತಾನೆ. ಕದ್ದು ನುಗ್ಗುವುದು ತಪ್ಪು, ಒಪ್ಪಿದೆ. ಆದರೆ ಹೇಳದೆಯೇ ಕಿಟಕಿಗೆ ಎಣ್ಣೆ ಹಾಕುವ ಗಂಡಸು! ನಮ್ಮ ಮಲಗುವ ಕೋಣೆಯ ಕಿಟಕಿ ಕಿರ್ರೆನ್ನುವುದು ಬೀದಿಗೆಲ್ಲ ಕೇಳಿಸುತ್ತದೆ, ಯಜಮಾನರೊಬ್ಬರನ್ನು ಬಿಟ್ಟು.

ನಮ್ಮ ಊರಿನ ದೆವ್ವಗಳಿಗಂತೂ ಎಡ್ವರ್ಡನಿಗಿಂತ ಸಾವಿರ ಪಾಲು ಮರ್ಯಾದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಳಲ್ಲಿ ಮನೆ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದು ನಿಮಗೆ ನೆನಪಿರಬಹುದು. ಬಾಗಿಲು ಬಡಿಯುವ ಹೆಣ್ಣು ದೆವ್ವ, ಗಂಡನನ್ನು ಹುಡುಕಿಕೊಂಡು ಅಲೆಯುವ ಮದುಮಗಳು ಎಂದೂ ಕೆಲವರು ಹೇಳುತ್ತಿದ್ದರು. ಪಾಪ, ಓದು ಬಲ್ಲವಳು. ಬರೆದದ್ದನ್ನು ಓದಿ, ಒಪ್ಪಿ, ಹೋಗುತ್ತಿದ್ದಳು. ಮರುದಿನ ಬಂದು ಮತ್ತೆ ಓದುತ್ತಿದ್ದಳು. ಹೆಣ್ಣು ದೆವ್ವವಾದ ಮೇಲೂ ಬೇಡ ಅಂದರೆ ಹಿಂದಿರುಗಬೇಕು ಅನ್ನುವ ಸಂಸ್ಕಾರ ಬಿಟ್ಟಿಲ್ಲ. ಗಂಡು ಪಿಶಾಚಿಗೆ ಎಣ್ಣೆ ತರುವ ಯೋಚನೆ.

ಇಲ್ಲಿಯೇ ನನಗೆ ಮುಂದಿನ ಮಾರ್ಚಿನ ಭಾಷಣ ಸಿಕ್ಕಿತು. ಬಿಳಿ ಸೀರೆ, ಮಲ್ಲಿಗೆ ದಂಡೆ, ಗೆಜ್ಜೆ ಸದ್ದು, ಹಿಂದುಮುಂದಾದ ಪಾದ: ನಮ್ಮ ಮೋಹಿನಿ ಮಾಡುವುದೇನು? ಎಡ್ವರ್ಡ್ ಮಾಡುವುದನ್ನೇ. ಒಬ್ಬನನ್ನು ಇಷ್ಟಪಡುತ್ತಾಳೆ, ಹಿಂಬಾಲಿಸುತ್ತಾಳೆ, ರಾತ್ರಿ ಬರುತ್ತಾಳೆ, ಬಿಡುವುದಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ ಸಿನಿಮಾದ ಕಾಮಿನಿ ಅನಂತನಾಗ್ ಅವರನ್ನು ಮೋಹಿಸಿ ಹಿಡಿದಳು. ಅವಳ ಪಾಲಿಗೆ ಸಿಕ್ಕಿದ್ದೇನು? ಮಂತ್ರಾಲಯದ ರಾಯರ ಮಹಿಮೆಯಿಂದ ಉಚ್ಚಾಟನೆ. ನಾವು ಮಕ್ಕಳೆಲ್ಲ ಅಂಗಳದಲ್ಲಿ ಮಲಗಲು ಹೆದರಿದೆವು. ಕಾಮಿನಿಯ ಪಕ್ಷ ಎಂದು ಯಾರೂ ಅಂಗಿ ಹೊಲಿಸಿಕೊಳ್ಳಲಿಲ್ಲ. ಬಯಸಿದ ಹೆಣ್ಣು ಸತ್ತ ಮೇಲೂ ಬಯಸಿದರೆ ಬೇವಿನ ಸೊಪ್ಪು, ಅದನ್ನೇ ಗಂಡು ಮಾಡಿದರೆ ನಾಲ್ಕು ಸಂಪುಟ, ಐದು ಸಿನಿಮಾ.

ಮೇಯರಿಗೂ ಈ ಆಕ್ಷೇಪಣೆ ಮುಟ್ಟಿತ್ತು. ಬೆಲ್ಲಾ ಸದಾ ಯಾರಾದರೂ ಕಾಪಾಡಬೇಕಾದ ಅಬಲೆ ಎಂದು ಜನ ಬೈದದ್ದಕ್ಕೆ 2015ರಲ್ಲಿ, ಪುಸ್ತಕಕ್ಕೆ ಹತ್ತು ತುಂಬಿದಾಗ, ಕತೆಯನ್ನು ಗಂಡು ಹೆಣ್ಣು ಬದಲಿಸಿ ಬರೆದರು. ಬೆಲ್ಲಾ ಈಗ ಬೋ ಎಂಬ ಹುಡುಗ, ಎಡ್ವರ್ಡ್ ಈಗ ಈಡಿತ್ ಎಂಬ ಹುಡುಗಿ. ಪಿಶಾಚಿಗಳ ನಡುವೆ ಸಿಕ್ಕ ಮನುಷ್ಯ ಹೆಣ್ಣಾದರೇನು ಗಂಡಾದರೇನು, ಅಷ್ಟೇ ದುರ್ಬಲ ಎಂದು ಅವರ ವಾದ. ಮಜಾ ಏನೆಂದರೆ, ಎಲ್ಲರನ್ನೂ ಅದಲು ಬದಲು ಮಾಡಿದರೂ ಅಪ್ಪ ಅಮ್ಮನನ್ನು ಮುಟ್ಟಲಿಲ್ಲ. ಆ ಕಾಲದಲ್ಲಿ ಬೇರೆಯಾದ ಗಂಡನ ಕೈಗೆ ಎಳೆಕೂಸನ್ನು ಕೋರ್ಟು ಒಪ್ಪಿಸುತ್ತಿದ್ದದ್ದು ಅಪರೂಪ, ನಂಬುವುದಕ್ಕೆ ಕಷ್ಟವಾಗುತ್ತದೆ ಎಂದರು. ಗಂಡು ಹುಡುಗ ಪಿಶಾಚಿಯ ಕೈಗೆ ಸಿಕ್ಕುವುದನ್ನು ನಂಬಿಸಬಹುದು, ಗಂಡಸು ಒಬ್ಬನೇ ಮಗು ಸಾಕುವುದನ್ನು ನಂಬಿಸುವುದು ಕಷ್ಟ! ಇದನ್ನು ಓದಿ ನಾನು ನಕ್ಕ ಸದ್ದಿಗೆ ಯಜಮಾನರು ಎದ್ದು ಕೂತರು.

ಎದ್ದವರು ಸುಮ್ಮನೆ ಇರಲಿಲ್ಲ. "ತಾಯಿ ಮಗಳಿಗೆ ಏನು ಹುಚ್ಚೇ ಇದು? ಇಲ್ಲದೆ ಇರೋನಿಗೋಸ್ಕರ ರಾತ್ರಿಯೆಲ್ಲ..." ಎಂದರು. ಅವರ ಮಾತು ಮುಗಿಯುವ ಮುಂಚೆ ಕೋಣೆಯಿಂದ ಮಗಳು ಬಂದಳು. ಟ್ವೈಲೈಟ್ ಸಿನಿಮಾ ಬಂದದ್ದು 2008ರಲ್ಲಿ. ಐಪಿಎಲ್ ಶುರುವಾದದ್ದೂ 2008ರಲ್ಲೇ. ಅಂದಿನಿಂದ 2025ರಲ್ಲಿ ಕಪ್ ಕೈಗೆ ಬರುವವರೆಗೆ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಎಂದು ಕೆಂಪು ಅಂಗಿ ತೊಟ್ಟು ಟಿವಿ ಮುಂದೆ ಕೂತು, ಸೋತ ರಾತ್ರಿ ಊಟ ಬಿಟ್ಟು ಮಲಗಿದವರು ಯಾರು ಎಂದು ಕೇಳಿದಳು. ಯಜಮಾನರು ನೀರು ಕುಡಿಯಲು ಹೋದರು. ಹುಡುಗಿಯರ ಹುಚ್ಚಿಗೆ ಮಾತ್ರ ಹುಚ್ಚು ಅನ್ನುವುದು, ಗಂಡಸರದಾದರೆ ಅಭಿಮಾನ. ಆ ಮೊದಲ ಸಿನಿಮಾ ಮಾಡಿದವಳು ಕ್ಯಾಥರಿನ್ ಹಾರ್ಡ್‌ವಿಕ್. 3.7 ಕೋಟಿ ಡಾಲರಿನಲ್ಲಿ ಮಾಡಿದ್ದು ಲೋಕದಾದ್ಯಂತ 40 ಕೋಟಿ ಡಾಲರಿನ ಆಸುಪಾಸು ಗಳಿಸಿತು. ಮುಂದಿನ ನಾಲ್ಕೂ ಸಿನಿಮಾ ಗಂಡಸರೇ ನಿರ್ದೇಶಿಸಿದರು.

ಇಷ್ಟೆಲ್ಲ ಸಿದ್ಧ ಮಾಡಿಕೊಂಡು ಕೊನೆಗೆ ಮಗಳನ್ನು ಕೂರಿಸಿಕೊಂಡೆ. ಟ್ರಕ್ಕಿನ ವಿಷಯದಿಂದ ಶುರು ಮಾಡಿದೆ. "ನೋಡು ಪುಟ್ಟಿ, ಪ್ರೀತಿಸೋನು ಹುಡುಗಿಯ ಗಾಡಿ ಪಾರ್ಟ್ ಬಿಚ್ಚಿಡಲ್ಲ. ಅದು ಕಾಳಜಿ ಅಲ್ಲ, ಹತೋಟಿ..."

"ಗೊತ್ತಮ್ಮ. ನಿಜವಾಗಿ ಯಾರಾದ್ರೂ ಹಾಗೆ ಮಾಡಿದ್ರೆ ಪೊಲೀಸಿಗೆ ಹೇಳ್ತೀನಿ. ಇದು ಕತೆ" ಅಂದಳು, ನನ್ನ ಭಾಷಣವನ್ನು ಪೀಠಿಕೆಯಲ್ಲೇ ಮುಗಿಸಿ. ಆಮೇಲೆ ತೀರಾ ಸಹಜವಾಗಿ ಕೇಳಿದಳು: "ನಿನ್ನ ಸ್ಕೂಟರ್ ಬ್ಯಾಟರಿ ಎಲ್ಲಿದೆ?"

ನನ್ನ ಸ್ಕೂಟರು ಗೇಟಿನ ಪಕ್ಕ ಪ್ಲಾಸ್ಟಿಕ್ ಹೊದ್ದು ನಿಂತು ಕಾಲವಾಗಿದೆ. ಟ್ರಾಫಿಕ್ ಜಾಸ್ತಿ, ನೀನ್ಯಾಕೆ ಒದ್ದಾಡ್ತೀಯ, ನಾನೇ ಬಿಡ್ತೀನಿ ಎಂದರು ಯಜಮಾನರು. ಆಮೇಲೆ, ಸುಮ್ಮನೆ ನಿಂತರೆ ಹಾಳಾಗುತ್ತದೆ ಎಂದು ಬ್ಯಾಟರಿ ಬಿಚ್ಚಿ ಅಟ್ಟದ ಮೇಲಿಟ್ಟರು. ನಾನು ಅದನ್ನು ಪ್ರೀತಿ ಎಂದೇ ತಿಳಿದಿದ್ದೆ. ಮಹಿಳಾ ಸಮಾಜದಲ್ಲಿ ಹೇಳಿಕೊಂಡೂ ಇದ್ದೆ. ಹೆಣ್ಣು ಅಬಲೆಯಲ್ಲ ಎಂದು ಮೈಕಿನಲ್ಲಿ ಹೇಳುವಾಗ ಗೇಟಿನಾಚೆ ಅವರು ಗಾಡಿ ನಿಲ್ಲಿಸಿಕೊಂಡು ಗಡಿಯಾರ ನೋಡುತ್ತಿರುತ್ತಾರೆ, ನಾನು ಎರಡು ಪಾಯಿಂಟ್ ಬಿಟ್ಟು ಇಳಿದು ಬರುತ್ತೇನೆ.

ಅತ್ತೆ ಇದನ್ನೆಲ್ಲ ಕೇಳುತ್ತಿದ್ದರು. ಅವರ ಪ್ರಕಾರ ಎಡ್ವರ್ಡ್ ಕೆಟ್ಟವನೇನಲ್ಲ: ಮದುವೆಗೆ ಮುಂಚೆ ಮೈಮೇಲೆ ಬೀಳುವುದಿಲ್ಲ ಅನ್ನುತ್ತಾನೆ, ಓದು ಮುಗಿಸು ಅನ್ನುತ್ತಾನೆ, ಮದುವೆ ಬೇಡ ಎಂದು ರಚ್ಚೆ ಹಿಡಿಯುವವಳೇ ಬೆಲ್ಲಾ. ಆದರೆ ಗಾಡಿಯ ವಿಷಯದಲ್ಲಿ ಮಾತ್ರ ಅವರ ತೀರ್ಪು ಖಡಾಖಂಡಿತ. ಮಗನನ್ನು ಕರೆದು "ಅಟ್ಟ ಹತ್ತಿ ಅವಳ ಬ್ಯಾಟರಿ ಇಳಿಸೋ" ಎಂದರು. ಈಗ ನಾನು ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಕಿಟಕಿಗೆ ಇನ್ನೂ ಎಣ್ಣೆ ಬಿದ್ದಿಲ್ಲ. ತಿಂಡಿ ಉಪ್ಪಿಟ್ಟೇ.

ಪುಸ್ತಕಗಳು ಮಹಿಳಾ ಸಮಾಜದಲ್ಲಿ ಒಂದು ಸುತ್ತು ಬಂದವು. ಖಂಡಿಸಲೆಂದೇ ಎಲ್ಲರೂ ಒಯ್ದರು, ಮೂರು ಹಿಂದಿರುಗಿವೆ. ನಾಲ್ಕನೆಯದು ಬಂದಿಲ್ಲ. ಅದರಲ್ಲಿ ಮದುವೆಯಾಗುತ್ತದೆ ಎಂದಷ್ಟೇ ಮಗಳು ಹೇಳಿದ್ದಾಳೆ, ಮುಂದಿನದನ್ನು ನೀನೇ ಓದು ಅನ್ನುತ್ತಾಳೆ. ಅತ್ತೆ ದಿನಾ ಕೇಳುತ್ತಿದ್ದಾರೆ. ಕಪ್ಪು ರಟ್ಟು, ಮೇಲೆ ಚದುರಂಗದ ಬಿಳಿ ರಾಣಿ, ಹಿಂದೆ ಕೆಂಪು ಪದಾತಿ. ಯಾರ ಮನೆಯಲ್ಲಿದೆಯೋ ದಯವಿಟ್ಟು ಕೊಟ್ಟುಬಿಡಿ. ಹೆಸರು ಹೇಳಬೇಕಾಗಿಲ್ಲ, ಗೇಟಿನೊಳಗೆ ಇಟ್ಟು ಹೋದರೂ ಸಾಕು.